ಹದಿನಾಲ್ಕು ಮಕ್ಕಳು ಹುಟ್ಟಿದ ದಿನ

೧೫ ಮೇ ೧೯೪೫, ಮಂಗಳವಾರ

ಬೇಸಿಗೆ ರಜೆ. ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಮೂವತ್ತು ಹಾಳೆ ಖಾಲಿ ಉಳಿದಿದ್ದವು. ಯುದ್ಧ ಬಂದ ಮೇಲೆ ಕಾಗದ ಸಿಗುವುದೇ ಕಷ್ಟ. ಗೆದ್ದಲಿಗೆ ಬಿಡುವ ಬದಲು ನಾನೇ ಏನಾದರೂ ಬರೆಯೋಣವೆಂದು ಕೂತಿದ್ದೇನೆ. ಬರೆಯುವಂಥದ್ದು ಈ ಹೊಂಗೆಕೊಪ್ಪಲಿನಲ್ಲಿ ಏನು ನಡೆಯುತ್ತದೆ ಎಂಬುದು ಬೇರೆ ಮಾತು.

ಇವತ್ತು ಒಂದು ನಡೆಯಿತು. ಈ ಊರಿನ ಶಾಲೆಗೆ ಮೇಷ್ಟ್ರು ನಾನೇ, ಶಾಲೆಯ ಜಗಲಿಯ ಮೇಲಿರುವ ಅಂಚೆಗೆ ಪೋಸ್ಟ್‌ಮಾಸ್ಟರೂ ನಾನೇ. ರನ್ನರ್ ಕೆಂಪಸಿದ್ದಯ್ಯ ಬೆಳಕವಾಡಿಯಿಂದ ಚೀಲ ಹೊತ್ತು ತಂದ ಕೂಡಲೇ ಹತ್ತು ಜನ ಸೇರುತ್ತಾರೆ. ಓದು ಬಂದವರು ಕಡಿಮೆ. ಹಾಗಾಗಿ ಯಾರ ಕಾಗದವೇ ಆಗಲಿ, ನಾನು ಒಡೆದು ಎಲ್ಲರಿಗೂ ಕೇಳುವಂತೆ ಓದುವುದು ವಾಡಿಕೆ. ಯಾರ ಎಮ್ಮೆ ಸತ್ತಿತು, ಯಾರ ಅಳಿಯ ಮುನಿಸಿಕೊಂಡ, ಎಲ್ಲ ಎಲ್ಲರಿಗೂ ಗೊತ್ತು. ನನ್ನ ಕಾಗದವನ್ನು ಮಾತ್ರ ನಾನು ಒಳಗೆ ಹೋಗಿ ಓದಿಕೊಳ್ಳುತ್ತೇನೆ. ಅದನ್ನು ಯಾರೂ ಕೇಳಿದ್ದಿಲ್ಲ.

ಇವತ್ತಿನ ಚೀಲದಲ್ಲಿ ಕುಮಾರಿ ಕುಲ್ಸುಮ್ ಬಿ ಎಂಬ ಹೆಸರಿಗೆ ಒಂದು ಬುಕ್‌ಪೋಸ್ಟ್ ಇತ್ತು. ರೈಸ್ ಮಿಲ್ಲಿನ ಇಂಜಿನ್ ನೋಡಿಕೊಳ್ಳುವ ಅಫ್ಸರ್ ಪಾಷಾನ ಮಗಳು. ಮಂಡ್ಯದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಬಂದಿದ್ದಾಳೆ. ಒಳಗಿದ್ದದ್ದು ಮದ್ರಾಸಿನ ಯಾವುದೋ ಕಾಲೇಜಿನ ನಿಯಮಗಳ ಪುಸ್ತಕ! ಆ ಹುಡುಗಿ ಹಳೇ ಪೇಪರಿನಲ್ಲಿ ವಿಳಾಸ ಹುಡುಕಿ ಆರು ಕಾಲೇಜಿಗೆ ಕಾರ್ಡು ಬರೆದಿದ್ದಾಳಂತೆ. ಈ ಊರಿನಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬ. ಮೈಸೂರಿನಲ್ಲಿ ಒಂದು ವರ್ಷ ಓದಿದವನು. ನನ್ನನ್ನು ಒಂದು ಮಾತು ಕೇಳಬೇಡವೇ?

ಪಾಷಾ ಮಾತ್ರ ಹಿರಿಹಿರಿ ಹಿಗ್ಗಿದ. "ನಮ್ಮ ಇಂಜಿನ್ನೂ ಇವ್ಳೂ ಒಂದೇ ದಿವ್ಸ ಉಸ್ರಾಡಿದ್ದು ಮೇಷ್ಟ್ರೇ. ಎರಡೂ ನಿಂತ ಕಡೆ ನಿಲ್ಲಾಕಿಲ್ಲ" ಎಂದ. ಇದನ್ನು ಅವನು ವರ್ಷಕ್ಕೆ ಇಪ್ಪತ್ತು ಸಲ ಹೇಳುತ್ತಾನೆ.

೧೬ ಮೇ, ಬುಧವಾರ

ವಾಡಿಕೆಯಂತೆ ಮದ್ರಾಸಿನ ಪುಸ್ತಕವನ್ನು ಜಗಲಿಯಲ್ಲಿ ಓದಬೇಕಾಯಿತು. ಇಂಗ್ಲಿಷಿನಲ್ಲಿತ್ತು, ಓದುತ್ತ ಓದುತ್ತ ಕನ್ನಡ ಮಾಡಿ ಹೇಳಿದೆ. ಪಕ್ಕದ ಮನೆಯ ಪಟ್ಟಲಮ್ಮ ರಾಗಿ ಕೇರುವುದನ್ನು ಬಿಟ್ಟು ಬಂದು ಕೂತಳು.

"ಅಲ್ಲಿ ಉಣ್ಣಾಕೆ ಏನ್ ಆಕ್ತಾರಂತೆ ಮೇಷ್ಟ್ರೇ?"

"ಪಟ್ಟಲಮ್ಮ, ಇದು ಕಾಲೇಜು, ಛತ್ರ ಅಲ್ಲ."

"ಓದೋರ್ಗೆ ಒಟ್ಟೆ ಇರಾಕಿಲ್ವಾ?"

ಎಲ್ಲರೂ ನಕ್ಕರು. ಪುಸ್ತಕ ತಿರುವಿ ನೋಡಿದೆ. ಊಟದ ವಿಷಯ ಒಂದು ಪುಟವೇ ಇತ್ತು. ಅನ್ನ, ಸಾಂಬಾರು, ಭಾನುವಾರ ಹಪ್ಪಳ. "ಮುದ್ದೆ ಇಲ್ವಾ? ಅಂಗಾದ್ರೆ ಬ್ಯಾಡ" ಎಂದು ಪಟ್ಟಲಮ್ಮ ಆ ಕಾಲೇಜನ್ನು ಅಲ್ಲಿಗೇ ತಳ್ಳಿಹಾಕಿದಳು.

೨೨ ಮೇ, ಮಂಗಳವಾರ

ಇನ್ನೆರಡು ಬಂದವು. ಒಂದರಲ್ಲಿ ಹೆಣ್ಣುಮಕ್ಕಳಿಗೆ ಸಂಗೀತ, ಹೊಲಿಗೆ. ಇನ್ನೊಂದರಲ್ಲಿ ತರ್ಕಶಾಸ್ತ್ರ, ಇತಿಹಾಸ. ವಿಜ್ಞಾನ ಗಂಡುಮಕ್ಕಳಿಗೆ ಮಾತ್ರ. ಕುಲ್ಸುಮ್ ಎರಡನ್ನೂ ಅಚ್ಚುಕಟ್ಟಾಗಿ ಮಡಿಸಿ ಚೀಲದಲ್ಲಿಟ್ಟುಕೊಂಡಳು.

ಎಷ್ಟು ಕಾಲೇಜುಗಳಿವೆಯೋ ಈ ದೇಶದಲ್ಲಿ. ನಾನು ಎರಡು ಅಂದುಕೊಂಡಿದ್ದೆ.

೨೪ ಮೇ, ಗುರುವಾರ

ಇವತ್ತು ಚೀಲದಲ್ಲಿ ಕಾಲೇಜಿನದು ಯಾವುದೂ ಇರಲಿಲ್ಲ. ಕೆಂಪಸಿದ್ದಯ್ಯನನ್ನು ಸುಮ್ಮನೆ ಬೈದೆ.

೨೮ ಮೇ, ಸೋಮವಾರ

ಫಲಿತಾಂಶ ಬಂತು. ಕುಲ್ಸುಮ್ ಪಾಸು, ಗಣಿತದಲ್ಲಿ ನೂರಕ್ಕೆ ಎಂಬತ್ತೊಂದು. ಪಾಷಾ ಮಿಲ್ಲಿನಿಂದ ಎಣ್ಣೆ ಕೈಯಲ್ಲೇ ಓಡಿ ಬಂದ. ಹಿಂದೆಯೇ ಅವನ ಹೆಂಡತಿ ಸುಲ್ತಾನ್ ಬೀ. ಆಕೆ ಶಾಲೆಯ ಬಾಗಿಲ ಮರೆಯಲ್ಲಿ ನಿಂತು ಮಾತಾಡುತ್ತಾರೆ, ಆದರೆ ಮಾತು ಮರೆಯಲ್ಲಿ ಇರುವುದಿಲ್ಲ.

"ನಾನು ಖಡಾಖಂಡಿತ ಹೇಳ್ಬುಟ್ಟಿವ್ನಿ ಮೇಷ್ಟ್ರೇ. ಈ ವರ್ಸ ಎಲ್ಲಾದ್ರೂ ಜಾಗ ಸಿಕ್ತಾ, ಹೋಗ್ಲಿ. ಸಿಗ್ಲಿಲ್ವಾ, ಮದ್ದೂರಲ್ಲಿ ನಮ್ಮಣ್ಣನ ಮಗ ಅವ್ನೆ. ಸೈಕಲ್ ಸಾಪು. ಇನ್ನೊಂದು ವರ್ಸ ಅಂತ ಕಾಯಾಕೆ ಅವ್ರು ತಯಾರಿಲ್ಲ."

ನಾನು ಮಧ್ಯೆ ಬಾಯಿ ಹಾಕಿ, ಇಷ್ಟೆಲ್ಲ ಪುಸ್ತಕ ತರಿಸುವ ಅಗತ್ಯವೇ ಇಲ್ಲ, ನಾನು ಓದಿದ ದೊಡ್ಡ ಕಾಲೇಜಿಗೆ ಬರೆಯೋಣ ಎಂದೆ. ಅರ್ಜಿ ನಾನೇ ಬರೆದುಕೊಟ್ಟೆ. ನನ್ನ ಅಕ್ಷರ ನೋಡಿದರೇ ಕೊಟ್ಟುಬಿಡುತ್ತಾರೆ.

ಸಹಿ ಹಾಕುತ್ತ ಆ ಹುಡುಗಿ ಕೇಳಿದಳು: "ಮೇಷ್ಟ್ರೇ, ಅಲ್ಲಿ ನೀವು ಏನೇನು ಪ್ರಯೋಗ ಮಾಡಿದ್ರಿ?"

"ಬೇಕಾದಷ್ಟು" ಎಂದೆ.

ಇದು ನನ್ನ ಪುಸ್ತಕ, ಇಲ್ಲಿ ಯಾರೂ ಇಣುಕುವುದಿಲ್ಲ. ನಾನು ಹದಿಮೂರನೆಯ ಸಾಲಿನಲ್ಲಿ ಕೂರುತ್ತಿದ್ದೆ. ಪ್ರೊಫೆಸರು ಮೇಜಿನ ಮೇಲೆ ಏನೋ ಮಾಡುತ್ತಿದ್ದರು. ಮುಂದಿನವರ ತಲೆ ಕಾಣುತ್ತಿತ್ತು. ವರ್ಷವೆಲ್ಲ ಒಂದು ಗಾಜಿನ ಕೊಳವೆಯನ್ನೂ ಮುಟ್ಟಲಿಲ್ಲ. ಅಪ್ಪ ತೀರಿಕೊಂಡರು, ಊರಿಗೆ ಬಂದೆ. ನಾನು ಬಂದದ್ದು ಅಲ್ಲಿ ಯಾರಿಗೂ ಗೊತ್ತಾಗಿರಲಾರದು.

೫ ಜೂನ್, ಮಂಗಳವಾರ

ಮೈಸೂರಿನಿಂದ ಅಚ್ಚು ಮಾಡಿದ ಕಾರ್ಡು. ಸ್ಥಳವಿಲ್ಲ. ಹೆಸರಿನ ಜಾಗದಲ್ಲಿ ಹೆಸರು ಕೂಡ ಬರೆದಿರಲಿಲ್ಲ, ಒಂದು ನಂಬರು ಇತ್ತು.

ಅದನ್ನೂ ಜೋರಾಗಿಯೇ ಓದಬೇಕಾಯಿತು. ಒಂದೇ ಸಾಲು, ಓದುವುದಕ್ಕೆ ಹೊತ್ತು ಹಿಡಿಯಲಿಲ್ಲ. ಕುಲ್ಸುಮ್ "ಇನ್ನೂ ಮೂರು ಬರೋದಿದೆ ಮೇಷ್ಟ್ರೇ" ಎಂದು ನನಗೇ ಸಮಾಧಾನ ಹೇಳಿ ಹೋದಳು.

೭ ಜೂನ್, ಗುರುವಾರ

ಕಲ್ಲುದುರ್ಗ ಎಂಬ ಊರಿನ ಕಾಲೇಜಿನದು ಬಂತು. ಎಂಟು ಪುಟ, ಈರುಳ್ಳಿ ಸಿಪ್ಪೆಯಂಥ ಕಾಗದ. ಆ ಊರಿನ ಹೆಸರನ್ನೇ ನಾನು ಕೇಳಿರಲಿಲ್ಲ. ಮಿಲ್ಲಿನ ಯಜಮಾನರು ಚೌಡಯ್ಯನವರು ಮಾತ್ರ ಒಂದು ಸಲ ಎತ್ತು ಕೊಳ್ಳಲು ಹೋಗಿದ್ದರಂತೆ. "ಬರೀ ಬಂಡೆ ಕಣ್ರೀ. ಅಲ್ಲಿ ಕಾಲೇಜು ಯಾರ್ ಕಟ್ಟುದ್ರು?" ಎಂದರು.

ಅಸಡ್ಡೆಯಿಂದಲೇ ಓದತೊಡಗಿದೆ. ಎರಡು ವರ್ಷದ ಇಂಟರ್‌ಮೀಡಿಯೆಟ್. ವಿಜ್ಞಾನ ಉಂಟು, ಹೆಣ್ಣುಮಕ್ಕಳಿಗೂ ಉಂಟು. ಹೋದ ವರ್ಷ ಹದಿನೇಳು ಮಂದಿ ಓದಿದರು. "ಪ್ರತಿಯೊಬ್ಬ ವಿದ್ಯಾರ್ಥಿಯೂ ಉಪಕರಣಗಳನ್ನು ಸ್ವತಃ ಮುಟ್ಟಿ ಪ್ರಯೋಗ ಮಾಡತಕ್ಕದ್ದು. ನೋಡುತ್ತ ಕೂರುವುದಕ್ಕೆ ಅವಕಾಶವಿಲ್ಲ." ಈ ಸಾಲನ್ನು ಎರಡು ಸಲ ಓದಿದೆ. ಯಾಕೆಂದು ಯಾರೂ ಕೇಳಲಿಲ್ಲ.

ಕೊನೆಯಲ್ಲಿ ನಿಯಮಗಳಿದ್ದವು. ಇವೆಲ್ಲ ಎಲ್ಲ ಕಡೆಯೂ ಇರುವವೇ ಎಂದು ನಾನು ಪುಟ ಮಗುಚಿದೆ. ನಿಜ ಹೇಳಬೇಕೆಂದರೆ ಅಲ್ಲಿನ ಇಂಗ್ಲಿಷು ಬಿಗಿಯಾಗಿತ್ತು.

ಓದಿ ಮುಗಿಸಿದ ಮೇಲೆ ಎಲ್ಲರಿಗೂ ಒಂದೊಂದು ಅನುಮಾನ. ಹಾಗಾದರೆ ಕೇಳಿಯೇ ಬಿಡೋಣ ಎಂದು ಕಾಗದ ತೆಗೆದೆ. ಪಟ್ಟಲಮ್ಮನಿಗೆ ಮುದ್ದೆಯ ಚಿಂತೆ. ಸುಲ್ತಾನ್ ಬೀಗೆ ಹುಡುಗಿ ಇರುವ ಮನೆ ಯಾರದು, ಆ ಮನೆಯಲ್ಲಿ ಹೆಂಗಸರೆಷ್ಟು ಎಂಬ ಚಿಂತೆ. ಪಾಷಾ ಅಲ್ಲಿ ಯಾವ ಯಂತ್ರ ಉಂಟು, ಎಣ್ಣೆಯದೋ ಕರೆಂಟಿನದೋ ಎಂದ. ಚೌಡಯ್ಯನವರು ಎಷ್ಟು ಜನ ಪಾಸಾಗ್ತಾರೆ ಎಂದರು. ಕೆಂಪಸಿದ್ದಯ್ಯ, "ಅಲ್ಲಿಂದ ಕಾಗ್ದ ಬರಾಕೆ ಎಷ್ಟ್ ದಿನ ಅಂತ ಕೇಳಿ, ನಾನ್ ತಾನೇ ಓರೋನು" ಎಂದ. ಹೀಗೆ ಹತ್ತು ಪ್ರಶ್ನೆಯಾದವು. ಹನ್ನೊಂದನೆಯದು ನನ್ನದು: ಪುಸ್ತಕ ಭಂಡಾರದಲ್ಲಿ ಪುಸ್ತಕವೆಷ್ಟು, ಮುಟ್ಟಲು ಬಿಡುತ್ತಾರೆಯೇ? ಸುಮ್ಮನೆ ಕೇಳಿದೆ.

ಅರ್ಜಿಯನ್ನೂ ಅದರ ಜೊತೆಗೇ ಹಾಕಿದೆವು. ಒಂದು ಕಾಲೇಜು ಹನ್ನೊಂದು ಪ್ರಶ್ನೆಗೆ ಉತ್ತರ ಕೊಡುವುದುಂಟೇ?

೧೪ ಜೂನ್, ಗುರುವಾರ

ಕೊಟ್ಟಿದ್ದಾರೆ. ಹನ್ನೊಂದಕ್ಕೂ! ಪ್ರಿನ್ಸಿಪಾಲರು ತಮ್ಮ ಕೈಯಾರೆ, ಕನ್ನಡದಲ್ಲಿ, ನಾಲ್ಕು ಪುಟ.

ಜಗಲಿಯಲ್ಲಿ ಕೂರಲು ಜಾಗವಿರಲಿಲ್ಲ. ಹಾಸ್ಟೆಲಿನಲ್ಲಿ ವಾರಕ್ಕೆ ನಾಲ್ಕು ದಿನ ಮುದ್ದೆ, ಸಾರು ಹೇಗಿರುತ್ತದೆಂಬುದು ಅಡುಗೆಯವನ ಅಂದಿನ ಮನಸ್ಸಿನ ಮೇಲೆ. ಹೆಣ್ಣುಮಕ್ಕಳು ಶಮೀಮ್ ಬಾನು ಎಂಬ ಹಿರಿಯರ ಮನೆಯಲ್ಲಿ ಇರುತ್ತಾರೆ. ಆಕೆ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರ ವಿಧವೆ, ಮನೆಯಲ್ಲಿ ಆಕೆ, ಸೊಸೆ, ಮೂರು ಮೊಮ್ಮಕ್ಕಳು, ಸಂಜೆ ಆರರ ಮೇಲೆ ಬಾಗಿಲು ತೆಗೆಯುವುದಿಲ್ಲ. "ಹಾಂ" ಎಂದು ಬಾಗಿಲ ಮರೆಯಿಂದ ಸುಲ್ತಾನ್ ಬೀ. ಹೋದ ವರ್ಷ ಹದಿನೇಳರಲ್ಲಿ ಪಾಸಾದವರು ಹನ್ನೊಂದು, ಈ ವರ್ಷವೂ ಈಗಾಗಲೇ ಹದಿನೇಳು ಮಂದಿ ಸೇರಿದ್ದಾರೆ. ಕಟ್ಟಡ ಹಳೆಯ ಛತ್ರ, ಒಂದು ಕೋಣೆ ಸೋರುತ್ತದೆ, ಅಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತಾರೆ. ಡೈನಮೋ ಒಂದುಂಟು, ಮೂರು ವರ್ಷದಿಂದ ಕೆಟ್ಟು ನಿಂತಿದೆ, ನಾಚಿಕೆಯಿಂದ ತಿಳಿಸುತ್ತೇನೆ ಎಂದಿದ್ದರು. ಪುಸ್ತಕ ಸಾವಿರದ ನೂರ ನಲವತ್ತು. ಬೀಗದಕೈ ವಿದ್ಯಾರ್ಥಿಗಳ ಕೈಯಲ್ಲೇ ಸರದಿಯ ಮೇಲೆ ಇರುತ್ತದೆ.

ಬೀಗದಕೈ ವಿದ್ಯಾರ್ಥಿಗಳ ಕೈಯಲ್ಲಿ! ಇಂಥ ಕಾಲೇಜೊಂದು ನಮ್ಮ ಸೀಮೆಯಲ್ಲೇ ಇದೆ, ನನಗೆ ಗೊತ್ತಿರಲಿಲ್ಲ.

ಕೊನೆಯ ಪುಟದ ಕೆಳಗೆ ಇನ್ನೊಂದು ಪ್ಯಾರಾ ಇತ್ತು. ಕಣ್ಣು ಹಾಯಿಸಿದೆ. ಕಾಗದ ಮಡಿಸಲು ಹೋದೆ.

"ಇನ್ನೂ ಇದೆ ಮೇಷ್ಟ್ರೇ" ಎಂದಳು ಕುಲ್ಸುಮ್. ಆ ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದಳು.

ಓದಿದೆ. ವಿಶ್ವವಿದ್ಯಾನಿಲಯದ ನಿಯಮದಂತೆ ಜುಲೈ ಒಂದನೆಯ ತಾರೀಖಿಗೆ ಹದಿನಾರು ವರ್ಷ ತುಂಬಿರಬೇಕು. ಕುಮಾರಿ ಕುಲ್ಸುಮ್ ಬಿ ಅವರ ಜನ್ಮದಿನ ದಾಖಲೆಯಲ್ಲಿ ೧೯೨೯ನೆಯ ಇಸವಿ ಜುಲೈ ಹದಿನಾರು ಎಂದಿದೆ. ಹದಿನೈದು ದಿನ ಕಡಿಮೆ. ಇದರಲ್ಲಿ ತಪ್ಪೇನಾದರೂ ಇದ್ದರೆ ಶಾಲೆಯ ಮೂಲಕ ಸರಿಪಡಿಸಿ ಜುಲೈ ಐದರೊಳಗೆ ದಾಖಲೆ ತಂದು ತೋರಿಸಿದಲ್ಲಿ ಸ್ಥಳ ಕೊಡುತ್ತೇವೆ. ಆ ಮೇಲೆ ಸಾಧ್ಯವಾಗದು.

"ಜುಲೈಯಾ?" ಎಂದ ಪಾಷಾ. "ಯಾವ ಜುಲೈ? ಇಂಜಿನ್ ಬಂದಿದ್ದು ಸುಗ್ಗಿ ಮುಗುದ್ ಮ್ಯಾಲಲ್ವಾ ಮೇಷ್ಟ್ರೇ?"

ನಾಳೆ ನೋಡಿ ಹೇಳುತ್ತೇನೆ ಎಂದು ಒಳಗೆ ಬಂದೆ.

೧೫ ಜೂನ್, ಶುಕ್ರವಾರ

ದಾಖಲಾತಿ ಪುಸ್ತಕ ತೆಗೆದು ನೋಡಿದೆ. ನೋಡುವ ಅಗತ್ಯವೇನೂ ಇರಲಿಲ್ಲ.

೧೯೩೪, ಜುಲೈ ೧೬, ಸೋಮವಾರ. ಒಂದನೇ ಕ್ಲಾಸಿಗೆ ಹದಿನಾಲ್ಕು ಮಕ್ಕಳು ಸೇರಿದರು. ಐದು ತುಂಬಿದವರನ್ನು ಸೇರಿಸಿಕೊಳ್ಳಬೇಕೆಂದು ನಿಯಮ. ಒಬ್ಬೊಬ್ಬರನ್ನೂ ಯಾವಾಗ ಹುಟ್ಟಿದ್ದು ಎಂದು ಕೇಳಿದರೆ, ಹುಣ್ಣಿಮೆಯ ಆಚೆ ದಿನ, ಕರಿ ಹಸು ಈದ ದಿನ, ಎಂದು ಶುರು ಮಾಡುತ್ತಾರೆ. ಅದನ್ನು ಯಾವ ಪಂಚಾಂಗದಲ್ಲಿ ಹುಡುಕುವುದು? ಆ ದಿನದ ತಾರೀಖಿನಿಂದ ಐದು ಕಳೆದೆ, ಹದಿನಾಲ್ಕು ಸಲ ಒಂದೇ ತಾರೀಖು ಬರೆದೆ, ಹನ್ನೆರಡು ಗಂಟೆಗೆ ಊಟಕ್ಕೆ ಹೋದೆ. ನನಗಿಂತ ಮುಂಚಿನ ಮೇಷ್ಟ್ರೂ ಹಾಗೆಯೇ ಮಾಡುತ್ತಿದ್ದರು. ನನ್ನ ಹುಟ್ಟಿದ ದಿನವನ್ನೂ ನನ್ನ ಮೇಷ್ಟ್ರು ಹಾಗೆಯೇ ಬರೆದಿದ್ದಾರೆ.

ಇದುವರೆಗೆ ಬರೆದದ್ದು ಸಮಜಾಯಿಷಿ. ಇದನ್ನೂ ಬರೆಯಬೇಕು. ಆ ದಿನ ಪಾಷಾ ಕೈಕಟ್ಟಿ ನಿಂತು, "ಮಿಲ್ಲಿನ ಇಂಜಿನ್ ಸ್ಟಾರ್ಟ್ ಆದ ದಿವ್ಸ ಬರ್ಕೊಳಿ ಸ್ವಾಮಿ" ಎಂದಿದ್ದ. ನಾನು, "ಇಂಜಿನ್ನಿನ ಜಾತಕ ಸರ್ಕಾರಕ್ಕೆ ಬೇಡ ಕಣಯ್ಯ" ಎಂದು ಎಲ್ಲರನ್ನೂ ನಗಿಸಿದ್ದೆ. ಹದಿನಾಲ್ಕು ಜನರಲ್ಲಿ ಒಬ್ಬ ಮಾತ್ರ ತಾರೀಖು ತಿಳಿಯುವಂಥ ಗುರುತು ಹೇಳಿದ್ದ.

ನನಗೆ ನಾಚಿಕೆಯಾಗುತ್ತಿದೆ.

೧೭ ಜೂನ್, ಭಾನುವಾರ

ಊರಿಗೆಲ್ಲ ಗೊತ್ತಾಗಿದೆ. ಜಗಲಿಯಲ್ಲಿ ಓದಿದ ಮೇಲೆ ಗೊತ್ತಾಗದೆ ಏನು. ಬಂದವರೆಲ್ಲ, "ನಮ್ ಐಕ್ಳೂ ಜುಲೈದೇನಾ ಮೇಷ್ಟ್ರೇ?" ಎಂದು ಕೇಳಿ ನಗುತ್ತಾರೆ. ಕೋಪ ಯಾರಿಗೂ ಇಲ್ಲ. ಅದೇ ಇನ್ನೂ ಕಷ್ಟ.

ಚೌಡಯ್ಯನವರು ನನ್ನನ್ನು ಪಕ್ಕಕ್ಕೆ ಕರೆದರು. "ಒಂದು ಬ್ಲೇಡ್ ತಕ್ಕೊಂಡು ಮೆಲ್ಲುಗೆ ಕೆರುದ್ಬುಡಿ. ಜುಲೈ ಇದ್ದಿದ್ದು ಜನವರಿ ಆಯ್ತದೆ. ಇನ್ಸ್‌ಪೆಕ್ಟ್ರು ಅಂಗೇ ಹುಟ್ಟಿರೋರು ಬುಡಿ."

ಕೆರೆಯಬಹುದು. ಆದರೆ ಆ ತಾರೀಖು ಇಲ್ಲಿಂದ ಟಿ.ಸಿ.ಗೆ ಹೋಗಿ, ಅಲ್ಲಿಂದ ಮಂಡ್ಯಕ್ಕೆ ಹೋಗಿ, ಎಸ್ಸೆಸ್ಸೆಲ್ಸಿ ಪುಸ್ತಕಕ್ಕೂ ಹತ್ತಿದೆ. ಎಲ್ಲೆಲ್ಲಿ ಬ್ಲೇಡು ಹಿಡಿದು ಹೋಗಲಿ? ದಾರಿ ಒಂದೇ. ತಾರೀಖು ನಾನು ಕಟ್ಟಿ ಬರೆದದ್ದು ಎಂದು ಶಾಲೆಗಳ ಇನ್ಸ್‌ಪೆಕ್ಟರ ಮುಂದೆ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಒಂದಲ್ಲ, ಹದಿನಾಲ್ಕಲ್ಲ, ನಾನು ಬಂದಾಗಿನಿಂದ ಬರೆದ ಅಷ್ಟೂ ತಾರೀಖು ಬೀಳುತ್ತವೆ. ಕೆಲಸವೂ ಹೋಗಬಹುದು, ಅಂಚೆಯೂ ಹೋಗಬಹುದು. ಸುಳ್ಳು ಬರೆಯುವವನ ಕೈಗೆ ಯಾರು ಚೀಲ ಕೊಡುತ್ತಾರೆ?

ಮನೆಯಲ್ಲಿ ಹೆಂಡತಿ ಮಾಯಮ್ಮನಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತ, "ಸದ್ಯ, ನಾನು ನಿಮ್ ಇಸ್ಕೂಲಿಗೆ ಸೇರ್ಲಿಲ್ಲ, ಸೇರಿದ್ರೆ ನಾನೂ ಜುಲೈಲೇ ಹುಟ್ತಿದ್ದೆ" ಎಂದಳು. ಆಮೇಲೆ ಕೈ ನಿಲ್ಲಿಸಿ, "ಆ ಮಗಿಗೆ ಮದ್ದೂರಿನ ಸೈಕಲ್ ಸಾಪು ಬ್ಯಾಡ ಅಂದ್ರೆ ನೀವು ಓಗ್ಲೇಬೇಕು" ಎಂದಳು.

ಅದನ್ನು ಅವಳು ಹೇಳಬೇಕಾಗಿರಲಿಲ್ಲ, ನಾನು ಆಗಲೇ ಕೋಟು ಒಗೆಯಲು ಹಾಕಿದ್ದೆ.

೧೮ ಜೂನ್, ಸೋಮವಾರ

ಬರಿಗೈಯಲ್ಲಿ ಹೋದರೆ ಒಂದು ಸುಳ್ಳು ಬಿಟ್ಟು ಇನ್ನೊಂದು ತಂದ ಎನ್ನುತ್ತಾರೆ. ನಿಜವಾದ ತಾರೀಖು ಬೇಕು, ಗುರುತೂ ಬೇಕು. ಮಿಲ್ಲಿಗೆ ಹೋದೆ, ಕುಲ್ಸುಮ್ ಜೊತೆಗೆ ಬಂದಳು. ಸೀಮೆಎಣ್ಣೆ ರೇಷನ್ನಾದ ಮೇಲೆ ಇಂಜಿನ್ನು ವಾರಕ್ಕೆ ಎರಡೇ ದಿನ ಓಡುತ್ತದೆ. ಇವತ್ತು ನಿಂತಿತ್ತು.

"ಈ ಇಂಜಿನ್ ಎಂದು ಶುರುವಾಯಿತು ಪಾಷಾ? ಸರಿಯಾಗಿ ಹೇಳು. ಅವತ್ತು ಏನೇನು ನಡೆಯಿತು?"

ಹದಿನಾರು ವರ್ಷದಿಂದ ಈ ಪ್ರಶ್ನೆಗೆ ಕಾಯುತ್ತಿದ್ದವನಂತೆ ಅವನು ಶುರುಮಾಡಿದ. ಮದ್ದೂರು ಸ್ಟೇಷನ್ನಿನಿಂದ ನಾಲ್ಕು ಗಾಡಿಯಲ್ಲಿ ಇಂಜಿನ್ನಿನ ಭಾಗ ತಂದದ್ದು, ಕಂಪನಿಯ ಫಿಟ್ಟರು ಹತ್ತು ದಿನ ಚೌಡಯ್ಯನವರ ಮನೆಯಲ್ಲಿ ಕೋಳಿ ತಿಂದದ್ದು, ಮೊದಲನೆಯ ಸಲ ಚಕ್ರ ತಿರುಗಿ ಹೊಗೆ ಬಿಟ್ಟಾಗ ಜನ ಓಡಿದ್ದು. ಅದೇ ಹೊತ್ತಿಗೆ ಪಟ್ಟಲಮ್ಮ ಬಂದು, "ಎಣ್ ಮಗ ಕಣೋ ಸಾಬಿ" ಎಂದು ಕೂಗಿದಳಂತೆ. ಇಂಜಿನ್ ಸದ್ದಿಗೆ ಕೇಳದೆ ಮೂರು ಸಲ ಕೂಗಿಸಿಕೊಂಡನಂತೆ.

"ತಾರೀಖು?"

"ಅದು ನಂಗೇನ್ ಗೊತ್ತು ಸ್ವಾಮಿ. ಫಿಟ್ಟರ್ ಸಾಹೇಬ್ರು ಏನೋ ಕೊರುದ್ರು."

ಕುಲ್ಸುಮ್ ಅಷ್ಟರಲ್ಲಿ ಚಿಂದಿ ಬಟ್ಟೆಗೆ ಸೀಮೆಎಣ್ಣೆ ಹಾಕಿಕೊಂಡು ಇಂಜಿನ್ನಿನ ಹಿಂಬದಿಗೆ ನುಗ್ಗಿದ್ದಳು. ಹದಿನಾರು ವರ್ಷದ ಜಿಡ್ಡು. ಉಜ್ಜಿದಳು, ಪಾಷಾ ಉಜ್ಜಿದ, ನಾನೂ ಕೋಟು ಬಿಚ್ಚಿಟ್ಟು ಉಜ್ಜಿದೆ. ಹಿತ್ತಾಳೆಯ ತಗಡು ಹೊರಬಂತು. ಮೇಲೆ ಇಂಜಿನ್ನಿನ ನಂಬರು, ಕೆಳಗೆ ಉಳಿಯಲ್ಲಿ ಕೊರೆದ ಅಂಕಿ: ೯-೨-೧೯೨೯.

ಫೆಬ್ರವರಿ ಒಂಬತ್ತು. ಐದು ತಿಂಗಳು ದೊಡ್ಡವಳು! ಪಾಷಾ ತಗಡಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡ. ಚೌಡಯ್ಯನವರು ಇದೇ ದಿನ ಮಿಲ್ಲು ಶುರುವಾದದ್ದು ಎಂದು ಬರೆದು ಸಹಿ ಮಾಡಿದರು. ಪಟ್ಟಲಮ್ಮ ತಾನು ಕೂಗಿದ್ದು ನಿಜವೆಂದು ಹೆಬ್ಬೆಟ್ಟು ಒತ್ತಿದಳು.

ವಾಪಸ್ಸು ಬರುವಾಗ ಹೊಲದ ಮೇಲೆ ಹೋಗಿರುವ ದೊಡ್ಡ ತಂತಿಗಳ ಕೆಳಗೆ ಕುಲ್ಸುಮ್ ನಿಂತಳು. ಶಿವನಸಮುದ್ರದ ಕರೆಂಟು ನಮ್ಮ ತಲೆಯ ಮೇಲೆಯೇ ಕೋಲಾರದ ಚಿನ್ನದ ಗಣಿಗೆ ಹೋಗುತ್ತದೆ, ನಮಗೆ ಬುಡ್ಡಿ ದೀಪ.

"ಮೂರನೇ ಕ್ಲಾಸಲ್ಲಿ ನಿಮ್ಮನ್ನ ಕೇಳಿದ್ದೆ ಮೇಷ್ಟ್ರೇ. ತಂತಿ ಒಳಗೆ ಟೊಳ್ಳಾ, ಕರೆಂಟು ಹೆಂಗೆ ಹೋಗುತ್ತೆ ಅಂತ."

"ನಾನೇನು ಹೇಳಿದೆ?"

"ತಲೆಹರಟೆ, ಕೂತ್ಕೋ ಅಂದ್ರಿ."

"ನನಗೆ ಗೊತ್ತಿರಲಿಲ್ಲ ಕಣಮ್ಮ" ಎಂದೆ. "ಈಗಲೂ ಗೊತ್ತಿಲ್ಲ." ಹೇಳಿದ ಮೇಲೆ ಯಾಕೋ ಹಗುರವಾಯಿತು. ಅವಳೂ ನಾನೂ ಸ್ವಲ್ಪ ಹೊತ್ತು ತಂತಿ ನೋಡುತ್ತ ನಿಂತಿದ್ದೆವು.

೨೦ ಜೂನ್, ಬುಧವಾರ

ಇನ್ಸ್‌ಪೆಕ್ಟರ ಕಚೇರಿಗೆ ಹೋಗಿ ಬಂದೆ. ಬರೆಯಲು ಮನಸ್ಸಿಲ್ಲ.

೨೧ ಜೂನ್, ಗುರುವಾರ

ಬರೆದುಬಿಡುತ್ತೇನೆ. ಅವರು ನನ್ನ ಹೇಳಿಕೆ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. "ಹನ್ನೊಂದು ವರ್ಷ ಸುಮ್ಮನಿದ್ದು ಈಗ ಯಾಕೆ ಹೇಳ್ತಿದ್ದೀರಿ?" ಎಂದರು.

"ಇದುವರೆಗೆ ಆ ತಾರೀಖಿನಿಂದ ಯಾರಿಗೂ ನಷ್ಟವಾದದ್ದು ನನಗೆ ತಿಳಿದಿರಲಿಲ್ಲ ಸ್ವಾಮಿ."

"ಎಂಜಿನ್ನಿನ ತಗಡನ್ನು ಜನನ ದಾಖಲೆ ಅಂತ ಒಪ್ಪಿಕೊಳ್ಳಬೇಕಾ ನಾನು?"

"ನಾನು ಬರೆದದ್ದಕ್ಕಿಂತ ಅದು ನಿಜ" ಎಂದೆ.

ಅವರು ನಗಲಿಲ್ಲ. ಕಾಗದಗಳನ್ನೂ ಅವಳ ಎಸ್ಸೆಸ್ಸೆಲ್ಸಿ ಪುಸ್ತಕವನ್ನೂ ಇಟ್ಟುಕೊಂಡು, ಹುಕುಂ ಅಂಚೆಯಲ್ಲಿ ಬರುತ್ತದೆ ಹೋಗಿ ಎಂದರು. ಎಷ್ಟು ದಿನಕ್ಕೆ ಎಂದು ಕೇಳುವ ಧೈರ್ಯ ಬರಲಿಲ್ಲ.

೨೭ ಜೂನ್

ಇಲ್ಲ.

೩೦ ಜೂನ್

ಇವತ್ತೂ ಇಲ್ಲ. ಕೆಂಪಸಿದ್ದಯ್ಯ ದೂರದಿಂದಲೇ ಕೈ ಆಡಿಸಿಬಿಡುತ್ತಾನೆ. ಮದ್ದೂರಿನವರು ಬಂದು ಹೋದರು. ಸುಲ್ತಾನ್ ಬೀ ಅವರಿಗೆ ಚಹಾ ಕೊಟ್ಟು, ಐದನೆಯ ತಾರೀಖು ಕಳೆಯಲಿ ಎಂದು ಕಳಿಸಿದರಂತೆ.

೨ ಜುಲೈ, ಸೋಮವಾರ

ಬಂತು. ಉದ್ದದ ಸರ್ಕಾರಿ ಲಕೋಟೆ, ಮೇಲೆ ನನ್ನ ಹೆಸರು. ಅಭ್ಯಾಸದಂತೆ ಎದ್ದು ಒಳಗೆ ಹೊರಟೆ.

"ಎಲ್ಲಿಗ್ ಓಯ್ತೀರಾ?" ಎಂದಳು ಪಟ್ಟಲಮ್ಮ. "ನಮ್ದೆಲ್ಲಾ ಇಲ್ಲೇ ಓದ್ಲಿಲ್ವಾ? ಕುಂತ್ಕಂಡು ಓದಿ."

ಇಪ್ಪತ್ತು ಜನ ಇದ್ದರು. ಪಾಷಾ ಕಂಬ ಹಿಡಿದು ನಿಂತಿದ್ದ. ಕುಲ್ಸುಮ್ ನನ್ನನ್ನು ನೋಡಲಿಲ್ಲ, ಲಕೋಟೆಯನ್ನೇ ನೋಡುತ್ತಿದ್ದಳು. ಕೂತೆ. ಒಡೆದೆ. ಎಂದಿನ ದನಿಯಲ್ಲೇ ಓದಲು ನೋಡಿದೆ.

"ಹೊಂಗೆಕೊಪ್ಪಲು ಪ್ರಾಥಮಿಕ ಶಾಲೆಯ ಉಪಾಧ್ಯಾಯ ಮರಿಸಿದ್ದಯ್ಯನು ವಿದ್ಯಾರ್ಥಿಗಳ ಜನನ ದಿನಾಂಕಗಳನ್ನು ವಿಚಾರಣೆ ಮಾಡದೆ ಮನಸ್ಸಿಗೆ ಬಂದಂತೆ ನಮೂದಿಸಿರುವುದಾಗಿ ತಾನೇ ಒಪ್ಪಿಕೊಂಡಿರುತ್ತಾನೆ. ಇದು ಅಕ್ಷಮ್ಯ ನಿರ್ಲಕ್ಷ್ಯ. ಸದರಿಯವನ ಇಂಕ್ರಿಮೆಂಟನ್ನು ಎರಡು ವರ್ಷ ತಡೆಹಿಡಿಯಲಾಗಿದೆ. ಅಂಚೆಯ ಕೆಲಸದಲ್ಲಿ ಇವನನ್ನು ಮುಂದುವರಿಸಬೇಕೇ ಬೇಡವೇ ಎಂಬ ವಿಷಯವಾಗಿ ಆ ಇಲಾಖೆಗೆ ಬರೆಯಲಾಗಿದೆ. ಇನ್ನು ಮುಂದೆ ಪ್ರತಿ ಮಗುವಿನ ಜನನ ದಿನವನ್ನು ಖುದ್ದು ವಿಚಾರಿಸಿ ಬರೆಯತಕ್ಕದ್ದು."

ಯಾರೋ ಚೊಂಬಿನಲ್ಲಿ ನೀರು ತಂದುಕೊಟ್ಟರು. ಕುಡಿದು ಮುಂದಿನದನ್ನು ಓದಿದೆ.

"ಕುಮಾರಿ ಕುಲ್ಸುಮ್ ಬಿಯ ಜನನ ದಿನಾಂಕ ೯ ಫೆಬ್ರವರಿ ೧೯೨೯ ಎಂದು ತಿದ್ದಲು ಮಂಜೂರಾತಿ ಕೊಡಲಾಗಿದೆ. ತಿದ್ದಿ ಮೊಹರು ಮಾಡಿದ ಪುಸ್ತಕ ಲಗತ್ತಿಸಿದೆ."

ಬಾಗಿಲ ಮರೆಯಲ್ಲಿದ್ದ ಸುಲ್ತಾನ್ ಬೀ ಮರೆ ಬಿಟ್ಟು ಹೊರಗೆ ಬಂದರು. ಆಕೆಯ ಮುಖವನ್ನು ನಾನು ಮೊದಲ ಸಲ ನೋಡಿದ್ದು. "ಐದನೇ ತಾರೀಕಿಗೆ ಮೂರು ದಿವ್ಸ ಐತೆ. ಎದ್ದೇಳಿ, ಟ್ರಂಕು ಎಲ್ಲಿ?" ಎಂದು ಗಂಡನನ್ನು ಗದರಿದರು.

ಎಲ್ಲರೂ ಹೋದ ಮೇಲೆ ಪಟ್ಟಲಮ್ಮ ಒಬ್ಬಳೇ ಕೂತಿದ್ದಳು. "ಚೆಂದಾಗ್ ಓದುದ್ರಿ ಮೇಷ್ಟ್ರೇ" ಎಂದಳು.

೩ ಜುಲೈ, ಮಂಗಳವಾರ

ಅಪ್ಪ ಮಗಳಿಬ್ಬರನ್ನೂ ಬೆಳಗಿನ ಬಸ್ಸಿಗೆ ಹತ್ತಿಸಿ ಬಂದೆ. ಮದ್ದೂರಿನಲ್ಲಿ ರೈಲು. ಪಾಷಾ ಒಂದು ಸ್ಪ್ಯಾನರು, ಒಂದು ಹಿಡಿ ಹತ್ತಿ ಚೂರು ಜೇಬಿಗೆ ಹಾಕಿಕೊಂಡಿದ್ದ. ಯಾಕಪ್ಪ ಎಂದರೆ, "ಸುಮ್ನೆ" ಎಂದ.

೮ ಜುಲೈ, ಭಾನುವಾರ

ಪಾಷಾ ಒಬ್ಬನೇ ಬಂದ. ಜಾಗ ಸಿಕ್ಕಿತು! ಜಗಲಿಯಲ್ಲಿ ನಿಂತು ಕಾಗದ ಓದುವವನಂತೆ ಎಲ್ಲವನ್ನೂ ಹೇಳಿದ. ಆ ಡೈನಮೋ ಇದ್ದ ಕೋಣೆಗೆ ಹೋಗಿ ನೋಡಿದನಂತೆ. "ಒಳ್ಗಿನ ಇದ್ಲಿನ ಬ್ರಸ್ಸು ಸವುದೋಗಿತ್ತು ಅಷ್ಟೇ ಕಣ್ ಮೇಷ್ಟ್ರೇ. ಮೂರು ವರ್ಸದಿಂದ ಕೈ ಮುಗ್ದು ಕೂರ್ಸವ್ರೆ." ಎರಡು ಗಂಟೆ ಕೂತು ಓಡಿಸಿಯೇ ಎದ್ದನಂತೆ. ಹದಿನೆಂಟು ಜನ ವಿದ್ಯಾರ್ಥಿಗಳು ಸುತ್ತ ನಿಂತು ನೋಡಿದರಂತೆ, ಪ್ರಿನ್ಸಿಪಾಲರು ಲಾಟೀನು ಹಿಡಿದುಕೊಂಡಿದ್ದರಂತೆ. ಹದಿನೆಂಟನೆಯವಳು ಯಾರು ಎಂದು ನಾನು ಕೇಳಬೇಕಾಗಿರಲಿಲ್ಲ.

೧೬ ಜುಲೈ, ಸೋಮವಾರ

ಇವತ್ತು ನನ್ನ ಲೆಕ್ಕದಲ್ಲಿ ಹದಿನಾಲ್ಕು ಮಕ್ಕಳಿಗೆ ಹದಿನಾರು ತುಂಬಬೇಕಾಗಿತ್ತು.

ಅಂಚೆ ಇಲಾಖೆಯ ಹುಕುಂ ಇನ್ನೂ ಬಂದಿಲ್ಲ. ಬೆಳಿಗ್ಗೆ ಕುಲ್ಸುಮ್ ಬರೆದ ಕಾರ್ಡು ಬಂತು, ನನ್ನ ಹೆಸರಿಗೆ. ಜಗಲಿಯಲ್ಲೇ ಓದಿದೆ. "ತಂತಿಯ ವಿಷಯ ಪ್ರಿನ್ಸಿಪಾಲರನ್ನು ಕೇಳಿದೆ. ಅವರು ಹೇಳಲಿಲ್ಲ. ತಂತಿ, ಬ್ಯಾಟರಿ ಕೊಟ್ಟು ನೀನೇ ನೋಡು ಎಂದರು. ಟೊಳ್ಳಿಲ್ಲ ಎಂಬುದು ಗೊತ್ತಾಗಿದೆ, ಕತ್ತರಿಸಿ ನೋಡಿದೆ. ಉಳಿದದ್ದು ಗೊತ್ತಾದ ಮೇಲೆ ಬರೆಯುತ್ತೇನೆ." ಈ ಸಲ ಯಾರಿಗೂ ಅನುಮಾನ ಬರಲಿಲ್ಲ, ನನಗೊಬ್ಬನಿಗೆ ಬಂತು. ಟೊಳ್ಳಿಲ್ಲದಿದ್ದರೆ ಕರೆಂಟು ಹೋಗುವುದು ಎಲ್ಲಿಂದ ಎಂದು ಕೇಳಿ ಉತ್ತರ ಬರೆದು ಚೀಲಕ್ಕೆ ಹಾಕಿದ್ದೇನೆ.

ಒಂದನೇ ಕ್ಲಾಸಿಗೆ ಒಂಬತ್ತು ಮಕ್ಕಳು ಸೇರಲು ಬಂದಿದ್ದರು. ಸಂಜೆಯಾದರೂ ನಾಲ್ವರದೇ ಮುಗಿದಿರುವುದು. ಮಧ್ಯಾಹ್ನದ ಊಟ ತಣ್ಣಗಾಯಿತೆಂದು ಮಾಯಮ್ಮ ಎರಡು ಸಲ ಕೂಗಿದಳು.

ನಾಲ್ಕನೆಯದು ಪಟ್ಟಲಮ್ಮನ ಮೊಮ್ಮಗಳು ಚಿಕ್ಕಬೋರಮ್ಮ. "ಯಾವಾಗ ಹುಟ್ಟಿದ್ದು?" ಎಂದೆ.

"ಅದ್ಯಾವೋ ಮಳೆ ಇಡ್ಕಂಡಿತ್ತು. ಬರ್ಕೊಳಿ ಏನೋ ಒಂದ. ಜುಲೈನೇ ಆಕ್ಕೊಳಿ, ಪರ್ವಾಗಿಲ್ಲ" ಎಂದಳು ಪಟ್ಟಲಮ್ಮ.

"ಆಗೋದಿಲ್ಲ ಪಟ್ಟಲಮ್ಮ. ಯೋಚನೆ ಮಾಡು. ಅವತ್ತು ಊರಲ್ಲಿ ಬೇರೆ ಏನು ನಡೀತು? ಯಾರಾದರೂ ಬಂದರಾ? ಯಾರಾದರೂ ಹೋದರಾ?"

ಅವಳು ಸೆರಗಿನ ತುದಿ ಕಚ್ಚಿಕೊಂಡು ಬಹಳ ಹೊತ್ತು ಕೂತಳು. ಆಮೇಲೆ ಕಣ್ಣರಳಿಸಿ, "ಊ ಮೇಷ್ಟ್ರೇ! ಬೊಂಬಾಯಿಂದ ನಮ್ ಮಗಂದು ರಿಜಿಸ್ಟ್ರು ಕಾಗ್ದ ಬಂದಿತ್ತಲ್ಲ, ಅವತ್ತೇ! ನೀವೇ ಇಲ್ಲಿ ಕುಂತು ಓದುದ್ರಿ. ಅತ್ಲಾಗೆ ನಮ್ಮನೇಲಿ ಸೊಸೆ ನೋವು ತಿಂತಿದ್ಲು. ನೀವು ಓದಿ ಮುಗ್ಸೋದು, ಮಗ ಅಳೋದು ಒಂದೇ ಆಯ್ತು."

ನಾನೇ ಓದಿದ್ದೆ. ರಿಜಿಸ್ಟರ್ಡ್ ಕಾಗದ ಬಂದರೆ ತಾರೀಖು ಹಾಕಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪುಸ್ತಕ ನನ್ನ ಕುರ್ಚಿಯ ಹಿಂದಿನ ಕಪಾಟಿನಲ್ಲೇ ಇದೆ. ಧೂಳು ಕೊಡವಿ ತೆಗೆದೆ. ೧೯೪೦ನೆಯ ಇಸವಿ, ಜೂನ್ ಹನ್ನೊಂದು, ಮಂಗಳವಾರ, ಅವಳ ಹೆಬ್ಬೆಟ್ಟು. ಅಷ್ಟು ವರ್ಷದ ಮಕ್ಕಳ ತಾರೀಖು ಹೀಗೆ ನನ್ನ ಬೆನ್ನ ಹಿಂದೆಯೇ ಇದ್ದಿರಬೇಕು.

ಬರೆದೆ. ಮಸಿ ಒಣಗುವ ತನಕ ಚಿಕ್ಕಬೋರಮ್ಮ ಅದನ್ನೇ ನೋಡುತ್ತ ನಿಂತಿದ್ದಳು. "ಇದೇನು?" ಎಂದು ಬೆರಳಿಟ್ಟಳು.

"ನೀನು ಹುಟ್ಟಿದ ದಿನ" ಎಂದೆ.

"ಅದ್ ನಿಮ್ಗೆಂಗ್ ಗೊತ್ತು?"

ಕುರ್ಚಿ ಪಕ್ಕಕ್ಕೆ ಸರಿಸಿ, ಅವಳಿಗೆ ಜಾಗ ಮಾಡಿ, ಅವಳ ಅಜ್ಜಿಯ ಹೆಬ್ಬೆಟ್ಟು ತೋರಿಸಿದೆ. ಉಳಿದ ಐವರಿಗೆ ನಾಳೆ ಬರಲು ಹೇಳಿದ್ದೇನೆ.